ಅರ್ಧ ಫೂಟು ನೀರು

ನಾನು ಅಂಜಿದ್ದನ್ನು ಕಂಡವರು ಗೋಕಾಕದಲ್ಲಿ ಇಬ್ಬರೋ ಮೂವರೋ ಇದ್ದಾರು. ನಾನು ಅಂಜಿಸಿದವರು ಮಾತ್ರ ಓಣಿಗೊಬ್ಬರಂತೆ ಸಿಗುತ್ತಾರೆ. ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಾಗ, ಮೊದಲ ಕಂಪ್ಯೂಟರು ಬಂದ ವರ್ಷ, ಇನ್ನು ಮುಂದೆ ಪ್ರಶ್ನೆಪತ್ರಿಕೆಯನ್ನು ಅದೇ ತೆಗೆಯುತ್ತದೆ, ಯಾರಿಗೆ ಯಾವ ಲೆಕ್ಕ ಬರುವುದಿಲ್ಲವೋ ಅದನ್ನೇ ಹುಡುಕಿ ಅವರಿಗೆ ಕೊಡುತ್ತದೆ ಎಂದು ಒಂದು ಮಾತು ಬಿಟ್ಟಿದ್ದೆ. ಮರುದಿನ ಅರ್ಧ ಕ್ಲಾಸು ಕಂಪ್ಯೂಟರ್ ಕೋಣೆಯ ಮುಂದೆ ಚಪ್ಪಲಿ ಬಿಟ್ಟು, ತೆಂಗಿನಕಾಯಿ ಒಡೆದು, ಕೈಮುಗಿದು ನಿಂತಿತ್ತು. ಪ್ರಿನ್ಸಿಪಾಲರು ನನ್ನನ್ನು ಕರೆದು ಬೈದರು. ಬೈಯುತ್ತಲೇ ಕಾಯಿಯ ಒಂದು ಹೋಳು ತಾವೂ ತಿಂದರು. ಇಂಥವನ್ನು ಹೇಳುತ್ತ ಹೋದರೆ ಈ ಬರಹಕ್ಕೆ ಕೊನೆಯಿಲ್ಲ. ಇವತ್ತು ಬರೆಯಲು ಕೂತದ್ದು ನಾನೇ ಅಂಜಿದ ಒಂದು ದಿನದ ವಿಷಯ.

ನನ್ನ ಕೀಟಲೆಗೆ ಎಲ್ಲರಿಗಿಂತ ಹೆಚ್ಚು ಸಿಕ್ಕಿದವರು ನನ್ನ ಅಕ್ಕನ ಗಂಡ. ಮಾಮಾ ಅನ್ನುತ್ತೇನೆ. ಘಟಪ್ರಭೆಯ ಆಚೆ ದಂಡೆಯಲ್ಲಿ, ಮೂಡಲಗಿ ಕಡೆಯ ಒಂದು ಹಳ್ಳಿಯಲ್ಲಿ ಅವರ ಮನೆ. ಹೊಳೆಗೂ ಅವರ ಹಿತ್ತಲಿಗೂ ನಡುವೆ ಒಂದೇ ಒಂದು ಕಬ್ಬಿನ ಹೊಲ. ಎಮ್ಮೆಯ ಕೊರಳ ಗಂಟೆಯನ್ನು ತೂಕ ಮಾಡಿ ಹೇಳಿದರೆ ಅದು ಎಷ್ಟು ಹಾಲು ಕೊಡುತ್ತದೆಂದು ಕಂಪ್ಯೂಟರು ಲೆಕ್ಕ ಹಾಕುತ್ತದೆ ಎಂದು ಒಮ್ಮೆ ಅವರಿಗೆ ಬಹಳ ಗಂಭೀರವಾಗಿ ಹೇಳಿದೆ. ಮಾಮಾ ಎಲ್ಲ ಎಮ್ಮೆಗಳ ಗಂಟೆ ಬಿಚ್ಚಿ, ಚೀಲಕ್ಕೆ ಹಾಕಿಕೊಂಡು, ಗಣಗಣ ಅನ್ನಿಸುತ್ತ ಬಸ್ಸಿನಲ್ಲಿ ಗೋಕಾಕಕ್ಕೆ ಬಂದರು. ಇತ್ತ ಅವರು ನನ್ನ ಮನೆಯಲ್ಲಿ ಚಹಾ ಕುಡಿಯುತ್ತಿದ್ದರೆ, ಅತ್ತ ಗಂಟೆಯಿಲ್ಲದ ಎಮ್ಮೆಗಳು ಸದ್ದಿಲ್ಲದೆ ಪಕ್ಕದವರ ಜೋಳಕ್ಕೆ ಇಳಿದಿದ್ದವು. ಅಂದಿನಿಂದ ಮಾಮಾ ನನ್ನ ಮಾತನ್ನು ನಂಬುವುದನ್ನು ಬಿಟ್ಟರು. "ಮಾಸ್ತರ, ನೀ ಬಿಸಲ ಐತಿ ಅಂದ್ರ ನಾ ಛತ್ರಿ ತಗೊಂಡ ಹೊರಗ ಬೀಳ್ತೇನಿ" ಅನ್ನುತ್ತಿದ್ದರು. ಆಗ ನನಗೆ ಅದು ದೊಡ್ಡ ಬಿರುದಿನಂತೆ ಕೇಳುತ್ತಿತ್ತು.

ನಾನು ನಿವೃತ್ತನಾದ ಮರುವರ್ಷದ ಮಳೆಗಾಲದಲ್ಲಿ ಹೊಳೆ ಕಬ್ಬಿನ ಹೊಲ ದಾಟಿ ಅಕ್ಕನ ಹಿತ್ತಲ ಮೆಟ್ಟಿಲಿಗೆ ಬಂದು ನಿಂತಿತು. ಆ ಹೊತ್ತಿಗೆ ನಾನು ಅಲ್ಲೇ ಇದ್ದೆ. ಕೆಂಪು ನೀರು ಒಂದು ಮೆಟ್ಟಿಲನ್ನು ನೆಕ್ಕುತ್ತ, ಹಿಂದೆ ಸರಿಯುತ್ತ, ಮತ್ತೆ ನೆಕ್ಕುತ್ತಿತ್ತು. ಅದರ ಮೇಲೆ ಯಾರದೋ ಮನೆಯ ಹೊಸ ಮೊರವೊಂದು ತೇಲಿ ಬಂತು. ಅಕ್ಕ ಅದನ್ನು ಕೋಲಿನಿಂದ ಎಳೆದುಕೊಂಡು, "ಚಲೋ ಐತಿ ನೋಡೋ ತಮ್ಮಾ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಆ ಮೊರದಲ್ಲಿ ಯಾವ ಮನೆಯವರು ಬೆಳಿಗ್ಗೆ ಏನನ್ನು ಕೇರುತ್ತಿದ್ದರೋ ಎಂದುಕೊಂಡೆ. ನೀರು ಅಷ್ಟಕ್ಕೇ ಇಳಿಯಿತು. ಆದರೆ ಆ ಹಳ್ಳಿಯಿಂದ ಹೊರಬರಲು ಇದ್ದದ್ದು ಒಂದು ತಗ್ಗಿನ ಸೇತುವೆ. ನೀರು ಇನ್ನೊಂದು ಮೆಟ್ಟಿಲು ಏರಿದ್ದರೆ ಅದು ಮುಳುಗುತ್ತಿತ್ತು. ಹಾಗಾದರೆ ಹೊರಡುವ ಹೊತ್ತನ್ನು ಮೊದಲೇ ತಿಳಿಯುವುದು ಹೇಗೆ? ಬಸ್ಸಿನಲ್ಲಿ ಗೋಕಾಕಕ್ಕೆ ಮರಳುವಾಗ ಇದೇ ಪ್ರಶ್ನೆ ತಲೆಯಲ್ಲಿ ಕೂತಿತ್ತು.

ಕಂಪ್ಯೂಟರು ಮನೆಯಲ್ಲೇ ಇತ್ತು. ಹರೆಯದಲ್ಲಿ ನಾನು ಫೋರ್ಟ್ರಾನ್ ಬರೆದವನು. ಅದು ಓಡುವುದು ಕುದುರೆಯಂತೆ ನಿಜ, ಆದರೆ ಒಂದು ಸಣ್ಣ ಬದಲಾವಣೆಗೂ ಜೀನು ಬಿಚ್ಚಿ ಮೊದಲಿನಿಂದ ಕಟ್ಟಬೇಕು. ಈ ವಯಸ್ಸಿಗೆ ಅಷ್ಟು ತಾಳ್ಮೆ ಯಾರಿಗಿದೆ? ಆಗಷ್ಟೇ ಪೈಥಾನ್ ಎಂಬ ಭಾಷೆಯನ್ನು ಪೇಟೆಯ ಸೈಬರ್ ಕೆಫೆಯಲ್ಲಿ ಇಳಿಸಿ, ಸಿಡಿಗೆ ಹಾಕಿಸಿ ತಂದಿದ್ದೆ. ಬರೆ, ಓಡಿಸು, ತಪ್ಪಿದರೆ ತಿದ್ದು, ಮತ್ತೆ ಓಡಿಸು. ಮಾತಾಡಿದಷ್ಟು ಸುಲಭ. ಹುಕ್ಕೇರಿ ಕಡೆಯ ಸೇತುವೆಯಿಂದ ಗೋಕಾಕ ದಾಟಿ ಮೂಡಲಗಿ ಕಡೆಯ ಅಕ್ಕನ ಹಿತ್ತಲವರೆಗೆ ಹೊಳೆಯನ್ನು ಸಣ್ಣ ಸಣ್ಣ ತುಂಡು ಮಾಡಿದೆ. ಪ್ರತಿ ತುಂಡಿಗೂ ಮೇಲಿನಿಂದ ಎಷ್ಟು ನೀರು ಬಂತು, ಕೆಳಕ್ಕೆ ಎಷ್ಟು ಹೋಯಿತು, ಉಳಿದದ್ದು ಎಷ್ಟು ಏರಿತು. ಒಂದು ನಿಮಿಷದ ಲೆಕ್ಕ ಮುಗಿದರೆ ಮುಂದಿನ ನಿಮಿಷದ್ದು. ಬರೆಯುವುದು ಒಂದು ವಾರದಲ್ಲಿ ಮುಗಿಯಿತು. ಮೀಸೆ ತಿರುವಿದೆ.

ಓಡಿಸಿದಾಗ ಗೊತ್ತಾಯಿತು. ಬೆಳಿಗ್ಗೆ ಹುಕ್ಕೇರಿಯಲ್ಲಿ ನೀರು ಎಷ್ಟಿದೆಯೆಂದು ಹೇಳಿದರೆ, ಅಕ್ಕನ ಮನೆಯಲ್ಲಿ ಎಷ್ಟು ಬರುತ್ತದೆಂಬ ಉತ್ತರ ಸಂಜೆಗೆ ಬರುತ್ತಿತ್ತು. ನೀರೂ ಸಂಜೆಗೇ ಬರುತ್ತಿತ್ತು. ನನ್ನ ಪ್ರೋಗ್ರಾಮು ಮತ್ತು ಹೊಳೆ ಇಬ್ಬರೂ ಮಾತಾಡಿಕೊಂಡು, ಜೊತೆಯಾಗಿ ನಡೆದುಕೊಂಡು ಅಕ್ಕನ ಮನೆ ತಲುಪುತ್ತಿದ್ದರು.

"ಇದಕ್ಕಿಂತ ಹಿತ್ತಲದಾಗ ಒಂದ ಕುರ್ಚಿ ಹಾಕ್ಕೊಂಡ ಕುಂತ್ರ ಸಾಕಲ್ರೀ" ಅಂದಳು ನಮ್ಮ ಮನೆಯಾಕೆ. "ಕರೆಂಟರ ಉಳಿತೈತಿ."

ಯಾಕೆ ಇಷ್ಟು ನಿಧಾನ ಎಂದು ಹುಡುಕಿದಾಗ ನನಗೆ ನೆನಪಾದದ್ದು ಗೋಕಾಕ ಫಾಲ್ಸಿನ ಗಿರಣಿಯ ಗೇಟು. ನಮ್ಮ ಅಪ್ಪ ಅಲ್ಲಿ ನೂಲಿನ ಖಾತೆಯಲ್ಲಿದ್ದ. ಗೇಟಿನ ಒಬ್ಬ ಪಹರೆಯವ ಇಪ್ಪತ್ತು ವರ್ಷ ಅಪ್ಪನನ್ನು ದಿನಾ ನೋಡಿದರೂ ದಿನಾ ತಡೆದು, "ಯಾರು? ಯಾವ ಖಾತೆ?" ಎಂದು ಕೇಳಿಯೇ ಒಳಗೆ ಬಿಡುತ್ತಿದ್ದ. ಪೈಥಾನ್ ಮಾಡುವುದೂ ಅದನ್ನೇ. ಪ್ರತಿ ಅಂಕೆಯನ್ನೂ ಪ್ರತಿ ಸಲವೂ ತಡೆದು, ನೀನು ಪೂರ್ಣಸಂಖ್ಯೆಯೋ, ದಶಾಂಶವೋ, ಅಕ್ಷರವೋ ಎಂದು ವಿಚಾರಿಸಿ ಒಳಗೆ ಬಿಡುತ್ತದೆ. ಬರೆಯುವವನಿಗೆ ಅದರಿಂದ ಸುಖ. ಅವನು ಯಾರಿಗೂ ಯಾವ ಗುರುತೂ ಬರೆದುಕೊಡಬೇಕಿಲ್ಲ. ಆದರೆ ಲಕ್ಷಗಟ್ಟಲೆ ಅಂಕೆಗಳು ಸಾಲಿನಲ್ಲಿ ನಿಂತಾಗ ಗೇಟಿನ ಮುಂದೆಯೇ ಪಾಳಿ ಮುಗಿದುಹೋಗುತ್ತದೆ.

ಇದಕ್ಕೊಂದು ದಾರಿ ಸಿಕ್ಕಿತು. ಇಡೀ ಪ್ರೋಗ್ರಾಮನ್ನು ಮುಟ್ಟಬೇಕಿಲ್ಲ. ಮೇಲಿನದೆಲ್ಲ ಪೈಥಾನಿನಲ್ಲೇ ಸುಲಭವಾಗಿ ಇರಲಿ. ಸುತ್ತಿ ಸುತ್ತಿ ಹೊತ್ತು ತಿನ್ನುವ ಒಳಗಿನ ನಾಲ್ಕು ಸಾಲನ್ನು ಮಾತ್ರ ಬೇರೆ ತೆಗೆದು, ಅಲ್ಲಿ ಬರುವ ಪ್ರತಿ ಹೆಸರಿಗೂ ಒಂದು ಪಾಸು ಬರೆದುಕೊಡುವುದು. ಇವ ಪೂರ್ಣಸಂಖ್ಯೆ, ಇವ ದಶಾಂಶ. ಒಂದು ಸಣ್ಣ ಸಾಧನ ಅದನ್ನು ಸಿ ಭಾಷೆಗೆ ತಿರುಗಿಸಿ, ಕಂಪೈಲ್ ಮಾಡಿ, ಯಂತ್ರಕ್ಕೆ ನೇರ ತಿಳಿಯುವಂತೆ ಕೊಡುತ್ತಿತ್ತು. ಮನೆ ಹಾಗೇ, ಒಲೆ ಮಾತ್ರ ಹೊಸದು. ಪಾಸು ಇದ್ದವನನ್ನು ಪಹರೆಯವ ಕಣ್ಣೆತ್ತಿಯೂ ನೋಡುವುದಿಲ್ಲ.

ನಾಲ್ಕು ಸಾಲಿಗೆ ಪಾಸು ಬರೆದು ಓಡಿಸಿದೆ. ಮನೆಯಾಕೆ ಚಹಾಕ್ಕೆ ಹಾಕಿದ ಸಕ್ಕರೆ ಕರಗುವುದರೊಳಗೆ ಉತ್ತರ! ನನಗೆ ನಂಬಿಕೆ ಬರದೆ ಮತ್ತೆ ಓಡಿಸಿದೆ. ಮತ್ತೆ ಅದೇ. ಅವತ್ತು ನಾನು ಓಣಿಯಲ್ಲಿ ನಡೆದ ರೀತಿಯನ್ನು ನೀವು ನೋಡಬೇಕಿತ್ತು. ಹೊಳೆಗಿಂತ ಮುಂಚೆ ಅಕ್ಕನ ಮನೆ ಮುಟ್ಟಿ, ಕಾಲು ತೊಳೆದು, ಉಂಡು, ಒಂದು ನಿದ್ದೆ ತೆಗೆದು ಎದ್ದರೂ ಹೊಳೆ ಇನ್ನೂ ದಾರಿಯಲ್ಲೇ ಇರುತ್ತಿತ್ತು.

ಸರಿಯಾಗಿದೆಯೋ ಇಲ್ಲವೋ ನೋಡಬೇಕಲ್ಲ. ಹುಕ್ಕೇರಿ ಕಡೆಯ ಸೇತುವೆಯ ಪಕ್ಕ ಚಹಾದಂಗಡಿ ಇಟ್ಟವನೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಸೇತುವೆಯ ಕಂಬಕ್ಕೆ ಫೂಟಿನ ಗುರುತು ಬಳಿದಿದ್ದರು. ದಿನಾ ಬೆಳಿಗ್ಗೆ ಅವನ ಅಂಗಡಿಗೆ ಫೋನು ಮಾಡಿ ಕೇಳುತ್ತಿದ್ದೆ.

"ಎಷ್ಟ ಐತೋ ನೀರು?"

"ಏಳ ಹಿಡೀರಿ ಸರ."

"ಏಳೋ, ಏಳರ ಮ್ಯಾಲೋ?"

"ನೀರ ಏನ ನಮ್ಮ ಸಲುವಾಗಿ ನಿಂತಿರತೈತೇನ್ರಿ? ಏಳ ಹಿಡೀರಿ ಅಂದ್ನೆಲ್ರಿ. ಗಿರಾಕಿ ಬಂದಾರ, ಇಡತೇನ್ರಿ."

ನಮ್ಮ ಕಡೆ ಇದೊಂದು ರೂಢಿ. ಸಂತೆಯಲ್ಲಿ, ಹೊಲದ ಬದುವಿನಲ್ಲಿ, ಮದುವೆಯ ಊಟದಲ್ಲಿ, ಎಲ್ಲಿಯೂ ಚೂರುಪಾರು ಹೇಳುವುದಿಲ್ಲ. ಇಷ್ಟು ಹಿಡೀರಿ ಅಂದರೆ ಮುಗಿಯಿತು, ಮಾತು ಇತ್ಯರ್ಥವಾದಂತೆ. ಆ ಮಳೆಗಾಲ ಮುಗಿಯುವ ತನಕ ಅವನು ಹೇಳಿದ ಪೂರ್ಣ ಫೂಟುಗಳನ್ನೇ ನಿಧಾನದ ಪ್ರೋಗ್ರಾಮಿಗೂ ಕೊಟ್ಟೆ, ಚುರುಕಿನದಕ್ಕೂ ಕೊಟ್ಟೆ. ಎರಡೂ ಅವಳಿ ಮಕ್ಕಳಂತೆ ಒಂದೇ ಉತ್ತರ ಹೇಳಿದವು. ಸೇತುವೆಯ ನೀರಿಗೆ ನಾನು ಬರೆದುಕೊಟ್ಟ ಪಾಸು ಪೂರ್ಣಸಂಖ್ಯೆಯದು. ಬಂದ ಅಂಕೆಗಳೆಲ್ಲ ಹಾಗೇ ಇದ್ದವಲ್ಲ. ಬೇರೆ ಇದ್ದೀತೆಂದು ಯಾರಿಗೆ ಹೊಳೆಯಬೇಕು?

ಮುಂದಿನ ವರ್ಷ ಜೂನಿನಲ್ಲಿ ಮಿರಗದ ಮಳೆ ಹಿಡಿಯುವ ಹೊತ್ತಿಗೆ ಅಕ್ಕ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದಳು. ತೊಡೆಯ ಎಲುಬು ಮುರಿಯಿತು. ಆಕೆಯ ಹೃದಯ ಸೋತಿದ್ದರಿಂದ ಆಪರೇಶನ್ ಬೇಡವೆಂದು ಬೆಳಗಾವಿಯ ಡಾಕ್ಟರು ಮನೆಗೇ ಕಳಿಸಿದರು. ಕಾಲಿಗೆ ಪಟ್ಟಿ ಸುತ್ತಿ, ಹಗ್ಗ ಕಟ್ಟಿ, ಎಲುಬನ್ನು ಜಗ್ಗಿ ಹಿಡಿಯುವ ಭಾರಕ್ಕೆಂದು ಮಂಚದ ತುದಿಯಿಂದ ಇಟ್ಟಂಗಿ ಇಳಿಬಿಟ್ಟಿದ್ದರು. ಎಲುಬು ಕೂಡುವ ತನಕ ಅಲುಗಾಡಿಸಬಾರದು, ಗಾಡಿಯಲ್ಲಿ ಕುಲುಕಿದರೆ ಕೂಡುತ್ತಿರುವುದು ಬಿಟ್ಟುಕೊಳ್ಳುತ್ತದೆ, ಆಮೇಲೆ ಈಕೆ ನಡೆಯುವ ಮಾತೇ ಇಲ್ಲ ಎಂದು ಹೇಳಿ ಕಳಿಸಿದ್ದರು.

"ಏನವಾ, ಹೊಸ ಮನಿ ಕಟ್ಟಾಕತ್ತೀಯೇನ? ಇಟ್ಟಂಗಿ ತರಿಸೀದಿ" ಅಂದೆ ನೋಡಲು ಹೋದಾಗ.

"ಇದನ್ನ ಬಿಚ್ಚಿ ಮೊದಲ ನಿನ್ನ ತಲೀಗೆ ಒಗೀತೇನಿ, ಬಾಜೂಕ ಬಾ" ಅಂದಳು ಅಕ್ಕ. ನಗುತ್ತ ಹಾಗೆ ಅಂದಳು, ಆದರೆ ನಕ್ಕಾಗ ಕಾಲು ಅಲುಗಿ ಮುಖ ಹಿಂಡಿಕೊಂಡಳು. ಆಕೆಯ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅದಕ್ಕೂ ಮೊದಲು ಕಂಡದ್ದು ನಮ್ಮ ಅವ್ವ ಸತ್ತಾಗ.

ಮಳೆ ಬಿಡಲಿಲ್ಲ. ಹೊಲದಲ್ಲಿ ಎತ್ತಿನ ಕಾಲು ಹುಗಿಯುವಷ್ಟು ಸುರಿದು, ಆಮೇಲೆ ಮತ್ತೂ ಸುರಿಯಿತು. ಮೇಲಿನ ಘಟ್ಟದ ಕಡೆ ಇನ್ನೂ ಜೋರಂತೆ ಎಂದು ಬಸ್ಸಿನವರು ಹೇಳಿದರು. ಒಂದು ಬೆಳಿಗ್ಗೆ ನಾನು ಫೋನು ಮಾಡುವ ಮೊದಲೇ ಚಹಾದಂಗಡಿಯವನದು ಬಂತು. ದನಿ ಬೇರೆಯಾಗಿತ್ತು.

"ಸರ, ಹನ್ನೊಂದೂವರಿ ಐತ್ರಿ. ನಾನ ಕೆಳಗ ಇಳದ ನೋಡಿ ಬಂದೇನ್ರಿ. ಸಾಮಾನ ತಗದ ಅಟ್ಟಕ್ಕ ಇಡಾಕತ್ತೇವ್ರಿ."

ಆಮೇಲೆ ಗಂಟೆಗೊಮ್ಮೆ ಅವನೇ ಮಾಡುತ್ತಿದ್ದ. ಹನ್ನೆರಡೂವರೆ ಫೂಟು. ಹದಿಮೂರೂವರೆ ಫೂಟು. ಅಂಜಿದ್ದ ಅವನು, ಅಂಜಿದವನಿಗೆ ಅರ್ಧ ಫೂಟೂ ದೊಡ್ಡದು. ಆ ದಿನ ಒಮ್ಮೆಯೂ ಅವನ ಬಾಯಲ್ಲಿ ಹಿಡೀರಿ ಎಂಬ ಮಾತು ಬರಲಿಲ್ಲ. ನಾನು ಅದನ್ನು ಗಮನಿಸಲಿಲ್ಲ. ಅವನು ಹೇಳಿದ್ದನ್ನು ನನ್ನ ಬೆರಳೇ ಚುಕ್ಕಿ, ಐದು ಎಂದು ಒತ್ತಿತು. ಚುರುಕಿನ ಪ್ರೋಗ್ರಾಮು ಒಂದು ಸಲವಾದರೂ ಕೆಮ್ಮಬೇಕಿತ್ತಲ್ಲ! ಸಕ್ಕರೆ ಕರಗುವುದರೊಳಗೆ ಉತ್ತರ ಕೊಟ್ಟಿತು: ಸಂಜೆಗೆ ನೀರು ಅಕ್ಕನ ಹಿತ್ತಲ ಕೆಳಗಿನ ಮೆಟ್ಟಿಲಿನಲ್ಲಿ ನಿಲ್ಲುತ್ತದೆ, ಹಳ್ಳಿಯ ತಗ್ಗಿನ ಸೇತುವೆ ಮುಳುಗುವುದಿಲ್ಲ.

ಮಾಮಾಗೆ ಫೋನು ಮಾಡಿದೆ. "ಏನೂ ಆಗೂದಿಲ್ರಿ ಮಾಮಾ. ಅಕ್ಕನ್ನ ಹಂದಾಡಿಸಬ್ಯಾಡ್ರಿ. ಮೊದಲನೇ ಪಾವಟಿಗಿ ಮುಟ್ಟಿ ಹೊಳಿ ಹೊಳ್ಳಿ ಹೋಗತೈತಿ."

"ನಿನ್ನ ಕಂಪ್ಯೂಟರ ಹೇಳಿತೇನು? ಎಮ್ಮಿ ಗಂಟಿ ತೂಗಿದ್ದ ಕಂಪ್ಯೂಟರ?"

"ಅದರ ಅಪ್ಪ ಇದು. ಆರಾಮ ಇರ್ರಿ."

ಮಾಮಾ ಆರಾಮಾಗಿ ಇದ್ದರು, ಯಾಕೆಂದರೆ ಅಕ್ಕನನ್ನು ಅಲುಗಿಸುವುದು ಅವರಿಗೂ ಬೇಡವಾಗಿತ್ತು. ಬೇಕಾದ ಮಾತನ್ನು ಯಾರು ಹೇಳಿದರೂ ನಂಬಿಕೆ ಬರುತ್ತದೆ.

ನಾನು ಚಹಾ ತಗೊಂಡು ಎದ್ದೆ. ಮೂಲೆಯಲ್ಲಿ ಹಳೆಯ ಕಂಪ್ಯೂಟರೊಂದಿತ್ತು; ಅದರಲ್ಲಿ ನಿಧಾನದ ಪ್ರೋಗ್ರಾಮನ್ನೂ ಬೆಳಿಗ್ಗೆ ಹಚ್ಚಿಟ್ಟು, ಬಂದ ಅಂಕೆಗಳನ್ನೆಲ್ಲ ಅದಕ್ಕೂ ಕೊಡುತ್ತಿದ್ದೆ. ಚಟ ಅನ್ನಿ. ಅದು ಪಾಪ, ಇನ್ನೂ ಬೆಳಗಿನ ಮೊದಲ ಗಂಟೆಗಳ ನೀರನ್ನು ನೂಕುತ್ತ ಕೂತಿತ್ತು. ಒಂದೊಂದು ಗಂಟೆಯ ಲೆಕ್ಕ ಮುಗಿದಾಗ ಒಂದು ಸಾಲು ತೋರಿಸುತ್ತಿತ್ತು. ಬಗ್ಗಿ ನೋಡಿದೆ. ಗೋಕಾಕದ ಹತ್ತಿರದ ತುಂಡಿನಲ್ಲಿ ಅದು ಹೇಳಿದ ನೀರು, ಚುರುಕಿನದು ಹೇಳಿದ್ದಕ್ಕಿಂತ ಮೇಲಿತ್ತು.

ಮೊದಲು ನಗು ಬಂತು. ಕಾಲೇಜಿನ ಹಳೆಯ ಹುಡುಗರು ಯಾರೋ ಮನೆಗೆ ಬಂದಾಗ ಕೈಯಾಡಿಸಿ ಹೋಗಿದ್ದಾರೆ, ನನ್ನ ಕೀಟಲೆಯ ವಿದ್ಯೆಯನ್ನು ನನಗೇ ತಿರುಗಿಸಿದ್ದಾರೆ ಅಂದುಕೊಂಡೆ. ಮುಂದಿನ ಸಾಲು ಬಂತು. ವ್ಯತ್ಯಾಸ ಇನ್ನೂ ದೊಡ್ಡದಾಗಿತ್ತು. ಯಾವುದು ಸುಳ್ಳು? ಒಳಗಿನ ನಾಲ್ಕು ಸಾಲನ್ನು ಬೆರಳಿಟ್ಟು ಓದಿದೆ. ಗುಣಾಕಾರ ಸರಿ. ಭಾಗಾಕಾರ ಸರಿ. ಅಂಕೆಗಳನ್ನು ನೋಡಿದೆ. ನಾನು ಒತ್ತಿದ್ದು ಹನ್ನೊಂದೂವರೆ. ಒಳಗೆ ಹೋಗಿದ್ದು ಎಷ್ಟೆಂದು ಚುರುಕಿನದನ್ನೇ ಕೇಳಿದೆ.

ಹನ್ನೊಂದು.

ಹನ್ನೆರಡೂವರೆ ಕೊಟ್ಟದ್ದು ಹನ್ನೆರಡು. ಹದಿಮೂರೂವರೆ ಕೊಟ್ಟದ್ದು ಹದಿಮೂರು. ಪೂರ್ಣಸಂಖ್ಯೆಯ ಪಾಸು ಹಿಡಿದು ಬಂದವನ ಅರ್ಧವನ್ನು ಗೇಟಿನಲ್ಲೇ ಕತ್ತರಿಸಿ, ಸದ್ದಿಲ್ಲದೆ ಉಳಿದವನನ್ನು ಒಳಗೆ ಬಿಟ್ಟಿತ್ತು. ತುಂಬಿದ ಹೊಳೆಯಲ್ಲಿ ಅರ್ಧ ಫೂಟೆಂದರೆ ದಂಡೆಯಿಂದ ದಂಡೆಯವರೆಗೆ ಹರಡಿದ ಅರ್ಧ ಫೂಟು. ಗಂಟೆಗಂಟೆಗೆ ಅಷ್ಟು ನೀರನ್ನು ನಾನು ಇಲ್ಲವೆಂದು ಲೆಕ್ಕ ಹಾಕಿದ್ದೆ. ಆ ನೀರು ನನ್ನ ಲೆಕ್ಕದಲ್ಲಿ ಇಲ್ಲದಿದ್ದರೂ ಹೊಳೆಯಲ್ಲಿ ಇತ್ತು. ಅದೇ ಕ್ಷಣದಲ್ಲಿ ಎಲ್ಲೋ ಗೋಕಾಕದ ಮೇಲ್ಗಡೆಯಿಂದ ಅಕ್ಕನ ಕಡೆಗೆ ನಡೆಯುತ್ತಿತ್ತು.

"ಯಾಕ್ರೀ, ಯಾಕ ಹಿಂಗ ಬೆವತೀರಿ?" ಅಂದಳು ಮನೆಯಾಕೆ. ಪರದೆಯ ಕಡೆ ಬೆರಳು ಮಾಡಿದೆ. ಆಕೆ ನನ್ನ ಮುಖ ನೋಡಿ ಮೊದಲು, "ಸುಮ್ಮನ ಇರ್ರಿ, ನಾಟಕ ಮಾಡಬ್ಯಾಡ್ರಿ" ಅಂದಳು. ಆಮೇಲೆ ಇನ್ನೊಮ್ಮೆ ನೋಡಿ ಸುಮ್ಮನೆ ನನ್ನ ಕೈಯಿಂದ ಕಪ್ಪು ತಗೊಂಡಳು.

ತಿದ್ದುವುದು ಒಂದೇ ಪದ. ಪೂರ್ಣಸಂಖ್ಯೆ ಎಂದಲ್ಲಿ ದಶಾಂಶ ಎಂದು ಬರೆದರೆ ಆಯಿತು. ಅದೇ ಫೋರ್ಟ್ರಾನಿನ ಹಳೆಯ ಗೂಡಾಗಿದ್ದರೆ ಅವತ್ತು ನಾನು ಹುಡುಕುತ್ತಲೇ ಇರುತ್ತಿದ್ದೆ. ಆ ಒಂದು ಪದವನ್ನು ಮೂರು ಸಲ ತಪ್ಪು ಹೊಡೆದೆ. ಕಂಪೈಲ್ ಹಚ್ಚಿದೆ. ಅದು ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಮೂಲೆಯ ಹಳೆಯ ಕಂಪ್ಯೂಟರು ಕಣ್ಣು ಮುಚ್ಚಿತು. ಬೆಳಗಿನಿಂದ ಅದು ನಡೆದ ದಾರಿಯೆಲ್ಲ ಹೋಯಿತು. ನನ್ನ ಮುಂದಿದ್ದ ಕಂಪ್ಯೂಟರಿಗೆ ಬ್ಯಾಟರಿಯ ಪೆಟ್ಟಿಗೆ ಇತ್ತು. ಅದು ಟೀಂ ಟೀಂ ಎಂದು ಕೂಗತೊಡಗಿತು. ಆ ಬ್ಯಾಟರಿ ಹಳೆಯದು, ಎಷ್ಟು ಹೊತ್ತು ಹಿಡಿದೀತೆಂದು ದೇವರಿಗೇ ಗೊತ್ತು. ಕತ್ತಲಾದ ಕೋಣೆಯಲ್ಲಿ ಆ ಪರದೆಯೊಂದೇ ಬೆಳಕು. ಹೊರಗೆ ಮಳೆ ತಗಡಿನ ಮೇಲೆ ಕಲ್ಲು ಸುರಿದ ಹಾಗೆ. ನನ್ನ ಜನ್ಮದಲ್ಲಿ ಯಾವ ದೇವರಿಗೂ ಲಂಚ ಕೊಡದ ನಾನು ಮನಸ್ಸಿನಲ್ಲೇ ಊರಿನ ಎಲ್ಲ ಗುಡಿಗೂ ಕಾಯಿ ಒಡೆದೆ. ಕಂಪ್ಯೂಟರಿನ ಮುಂದೆ ಕೈಮುಗಿದ ಆ ಹುಡುಗರನ್ನು ನೋಡಿ ನಕ್ಕಿದ್ದೆನಲ್ಲ!

ಉತ್ತರ ಬಂತು. ಸೂರ್ಯ ಮುಳುಗುವ ಮೊದಲೇ ಸೇತುವೆ ಮುಳುಗುತ್ತದೆ. ಆಮೇಲೆ ನೀರು ಅಕ್ಕನ ಮನೆಯೊಳಗೆ, ಮಂಚದ ಎತ್ತರಕ್ಕೆ. ಓದಿ ಮುಗಿಸುವುದರೊಳಗೆ ಬ್ಯಾಟರಿಯೂ ಸತ್ತಿತು.

ಫೋನು ಎತ್ತಿದೆ. ಒಳಗೆ ಗೊರಗೊರ ಸದ್ದು. ಎರಡು ಸಲ ಹತ್ತಲಿಲ್ಲ. ಮೂರನೆಯ ಸಲ ಮಾಮಾ ಎತ್ತಿದರು.

"ಮಾಮಾ, ಅಕ್ಕನ್ನ ಈಗಿಂದೀಗ ಹೊರಡಸ್ರಿ. ಪೂಲ ಮುಣಗತೈತಿ. ನೀರ ಮನ್ಯಾಗ ಬರತೈತಿ."

"ಮಾಸ್ತರ, ಮುಂಜಾನೆ ಇರ್ರಿ ಅಂದಿ. ಈಗ ಓಡ್ರಿ ಅಂತಿ. ಇದರಾಗ ಚೇಷ್ಟಿ ಯಾವುದ ಅಷ್ಟ ಹೇಳು."

"ಚೇಷ್ಟಿ ಅಲ್ರಿ. ಮುಂಜಾನಿ ಲೆಕ್ಕ ತಪ್ಪಿತ್ರಿ."

"ನಿನ್ನ ಲೆಕ್ಕ ತಪ್ಪಿತ್ತು! ಮೂವತ್ತ ವರ್ಷದಾಗ ಒಮ್ಮೆ ಹಿಂಗ ಅಂದಿಲ್ಲ ನೀ. ಅದಕ ಇದ ಬ್ಯಾರೆ ನಮೂನಿ ಆಟ ಇರಬೇಕು. ಆಕಿನ್ನ ಟ್ರ್ಯಾಕ್ಟರದಾಗ ಕುಲಕಿಸಿಕೊಂತ ಒಯ್ದು, ಎಲವ ಮತ್ತ ಬಿಟ್ಟು, ಸಂಜೀಕ ನೀ ಹಲ್ಲ ಕಿಸದ ನಿಂತ್ರ ನಾ ಏನ ಮಾಡ್ಲಿ?"

ಪಾಸು, ಗೇಟು, ಅರ್ಧ ಫೂಟು ಎಂದು ಅವರಿಗೆ ಏನು ಬಿಡಿಸಿ ಹೇಳಲಿ? ಎಮ್ಮೆಯ ಗಂಟೆಯೇ ಅವರ ಕಿವಿಯಲ್ಲಿ ಬಾರಿಸುತ್ತಿತ್ತು. "ಮಾಮಾ, ನಿಮ್ಮ ಕಾಲ ಬೀಳ್ತೇನ್ರಿ" ಅಂದೆ. "ಹಾಂ, ಇದೂ ಚಲೋ ಮಾಡ್ತಿ" ಅಂದರು ಅವರು. ಹಿಂದಿನಿಂದ ಅಕ್ಕನ ದನಿ ಕೇಳಿತು: "ಅದನ್ನ ಇಲ್ಲಿ ಕೊಡ್ರಿ." ಫೋನಿನ ತಂತಿ ಮಂಚದ ತನಕ ಎಳೆದ ಸದ್ದು.

"ಏನೋ ತಮ್ಮಾ?"

"ಅಕ್ಕಾ, ನೀ ಹೊರಬೀಳವಾ. ನೀರ ಬರತೈತಿ. ಟ್ರ್ಯಾಕ್ಟರದಾಗ ಹುಲ್ಲ ಹಾಸಿ ಮಂಚ ಇಡಸು. ಲಗೂನ ಬಾರವಾ."

"ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ. ನನ್ನ ದನಿ ನನಗೇ ಯಾರದೋ ಎನಿಸಿತು.

"ಇವಾ ಅಂಜ್ಯಾನ್ರಿ" ಅಂದಳು ಅಕ್ಕ, ನನಗಲ್ಲ, ಮಾಮಾಗೆ. "ಸಣ್ಣಾವಿದ್ದಾಗ ಫಾಲ್ಸಿನ ತೂಗು ಪೂಲದ ಮ್ಯಾಲ ನಡುವ ನಿಂತಾಗ ಹಿಂಗ ಮಾತಾಡಿದ್ದ. ನನಗ ಒಂದ ಸಲಾನೂ ಚೇಷ್ಟಿ ಮಾಡಲಿಲ್ಲ ನೋಡ್ರಿ, ಇಟ್ಟಂಗಿ ಹೆಸರ ತಗೀಲಿಲ್ಲ. ಖರೇನ ಅಂಜ್ಯಾನ. ಬಾಜೂ ಮನಿಯವರ ಟ್ರ್ಯಾಕ್ಟರ ಕರೀರಿ."

ಫೋನು ಇಟ್ಟಳು.

ನಾನು ಸ್ಕೂಟರು ತೆಗೆದೆ. ಮಳೆಯಲ್ಲಿ ರಸ್ತೆ ಕಾಣುತ್ತಿರಲಿಲ್ಲ. ಎದುರಿನ ಲಾರಿಗಳು ಹಗಲಿನಲ್ಲೇ ದೀಪ ಹಚ್ಚಿಕೊಂಡು ಬರುತ್ತಿದ್ದವು. ದಾರಿಯುದ್ದಕ್ಕೂ ಒಂದು ಅಂಜಿಕೆ ಇನ್ನೊಂದನ್ನು ಅಟ್ಟುತ್ತಿತ್ತು. ಈ ಸಲದ ಉತ್ತರವೂ ತಪ್ಪಾಗಿದ್ದರೆ? ನೀರೇ ಬರದೆ, ಸುಮ್ಮನೆ ಅಕ್ಕನ ಎಲುಬು ಮುರಿಸಿದವನಾದರೆ? ಉತ್ತರ ಸರಿಯಾಗಿದ್ದು ಟ್ರ್ಯಾಕ್ಟರು ತಡವಾದರೆ? ಪರೀಕ್ಷಿಸಿ ನೋಡಲು ಹಳೆಯ ಕಂಪ್ಯೂಟರೂ ಇಲ್ಲ, ಕರೆಂಟೂ ಇಲ್ಲ. ಜೀವನದಲ್ಲಿ ಮೊದಲ ಸಲ ಒಂದು ಸಂಗತಿಯ ಎರಡೂ ತುದಿಗೆ ಅಂಜಿದೆ.

ಅಕ್ಕನ ಹಳ್ಳಿಯ ಸೇತುವೆಯ ಈಚೆ ದಂಡೆಯಲ್ಲಿ ಸ್ಕೂಟರು ಬಿಟ್ಟು ನಿಂತೆ. ನೀರು ಇನ್ನೂ ಸೇತುವೆಯ ಕೆಳಗಿತ್ತು, ಆದರೆ ಬಹಳ ಕೆಳಗಲ್ಲ. ಕಂಬಗಳಿಗೆ ಬಡಿದು ಮೇಲಕ್ಕೆ ಉಗುಳುತ್ತಿತ್ತು. ಬೇರುಸಹಿತ ಬಂದ ಜಾಲಿಗಿಡವೊಂದು ಕಂಬಕ್ಕೆ ಸಿಕ್ಕಿಕೊಂಡು ಒದ್ದಾಡಿತು. ಸೇತುವೆ ನಡುಗಿದ್ದು ನನ್ನ ಪಾದಕ್ಕೆ ತಿಳಿಯಿತು. ಆಚೆ ಏನೂ ಕಾಣದು. ಬರೀ ಮಳೆ. ನಾನು ನೋಡುತ್ತಿದ್ದಂತೆ ಮೊದಲ ತೆರೆಯೊಂದು ಸೇತುವೆಯ ಮೇಲೆ ಹರಿದು, ತೆಳ್ಳಗೆ, ಕಲಸಿದ ಕೆಮ್ಮಣ್ಣಿನಂತೆ ಈಚೆಗೆ ಇಳಿಯಿತು. ದಂಡೆಯ ಕಲ್ಲಿನ ಮೇಲೆ ಕೂತುಬಿಟ್ಟೆ.

ಆಗ ಕೇಳಿತು. ಎಂಜಿನ್ನಿನ ಸದ್ದಲ್ಲ, ಗಂಟೆ. ಗಣ, ಗಣ ಎಂದು ಎಮ್ಮೆಯ ಗಂಟೆಗಳು. ಅವುಗಳ ಹಿಂದೆ ಟ್ರ್ಯಾಕ್ಟರು, ಟ್ರೇಲರಿನಲ್ಲಿ ಹುಲ್ಲಿನ ಮೇಲೆ ಮಂಚ, ಮಂಚದ ಮೇಲೆ ಮಳೆಗೆ ಹೊದಿಸಿದ ತಾಡಪತ್ರಿ, ತಾಡಪತ್ರಿಯ ಒಂದು ಮೂಲೆ ಹಿಡಿದು ಮಾಮಾ. ಅವರ ಇನ್ನೊಂದು ಕೈ ಇಟ್ಟಂಗಿ ಕಟ್ಟಿದ ಹಗ್ಗವನ್ನು ಎತ್ತಿ ಹಿಡಿದಿತ್ತು, ಅದು ತೂಗಾಡಿ ಅಕ್ಕನ ಕಾಲನ್ನು ಜಗ್ಗಬಾರದೆಂದು. ಟ್ರ್ಯಾಕ್ಟರಿನವ ಇರುವೆ ನಡೆದ ಹಾಗೆ ನಡೆಸುತ್ತಿದ್ದ. ಬೇಗ ಬಾ ಎಂದು ನನ್ನ ಗಂಟಲು ಕೂಗಿತು. ನಿಧಾನ, ನಿಧಾನ ಎಂದು ನನ್ನ ಕೈ ಸನ್ನೆ ಮಾಡಿತು. ನಡುಸೇತುವೆಯಲ್ಲಿ ಎಮ್ಮೆಯೊಂದು ನೀರಿಗೆ ಹೆದರಿ ನಿಂತಿತು. ಅದರ ಹಿಂದೆ ಎಲ್ಲವೂ ನಿಂತವು. ಗಾಲಿಯ ಅಂಚಿಗೆ ನೀರು ಬಂದು ಹತ್ತಿತು. ನಾನು ಕಣ್ಣು ಮುಚ್ಚಿಕೊಂಡೆ. ಇದೊಂದನ್ನು ಬಡಾಯಿಗೂ ಸುಳ್ಳು ಹೇಳಲಾರೆ, ಮುಚ್ಚಿಕೊಂಡೆ.

ಗಂಟೆ ಮತ್ತೆ ಬಾರಿಸಿತು.

ಟ್ರೇಲರು ನನ್ನ ಮುಂದೆ ಬಂದು ನಿಂತಾಗ ತಾಡಪತ್ರಿ ಸರಿಸಿದೆ. ಅಕ್ಕನ ತುಟಿ ಬಿಳಚಿತ್ತು, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ನನ್ನನ್ನು ನೋಡಿ ಅದನ್ನು ಬಿಟ್ಟಳು. "ಅತ್ತೀಯೇನೋ?" ಅಂದಳು.

"ಮಳೀದು."

"ಮಳಿ ಬಿಸಿ ಇರತೈತೇನು?" ಎಂದು ನನ್ನ ಗಲ್ಲಕ್ಕೆ ಬೆರಳು ತಾಗಿಸಿದಳು.

ಮಾಮಾ ಹಿಂತಿರುಗಿ ನೋಡುತ್ತಿದ್ದರು. ಸೇತುವೆಯ ಕಟ್ಟೆ ಕಾಣುತ್ತಿರಲಿಲ್ಲ. ಅದು ಇದ್ದ ಕಡೆ ನೀರು ಒಂದು ಉದ್ದನೆಯ ಬೆನ್ನಿನಂತೆ ಎದ್ದು ಇಳಿಯುತ್ತಿತ್ತು. ಇಟ್ಟಂಗಿಯ ಹಗ್ಗ ಇನ್ನೂ ಅವರ ಕೈಯಲ್ಲೇ ಇತ್ತು.

ನೀರಿಳಿದ ಮೇಲೆ ಹೋಗಿ ನೋಡಿದೆವು. ಅಕ್ಕನ ಮಂಚವಿದ್ದ ಕೋಣೆಯ ಗೋಡೆಯಲ್ಲಿ ಕೆಸರಿನ ಗೆರೆ, ಮಂಚದ ಎತ್ತರಕ್ಕಿಂತ ತುಸು ಮೇಲೆ. ಎಲುಬು ಕೂಡಿತು, ಸ್ವಲ್ಪ ಸೊಟ್ಟಗೆ ಕೂಡಿತು. ಅಕ್ಕ ಕೋಲು ಹಿಡಿದು ಇಡೀ ಊರು ತಿರುಗಿದಳು. ಮಾಮಾ ಆ ಗೆರೆಗೆ ಸುಣ್ಣ ಬಳಿಯಲು ಬಿಡಲಿಲ್ಲ.

ನಾನು ಈಗಲೂ ಸುಲಭದ ಭಾಷೆಯಲ್ಲೇ ಬರೆಯುತ್ತೇನೆ, ಒಳಗಿನ ನಾಲ್ಕು ಸಾಲಿಗೆ ಪಾಸು ಕೊಟ್ಟು ಓಡಿಸುತ್ತೇನೆ. ಆದರೆ ಹೊಸದಾಗಿ ಪಾಸು ಬರೆದ ದಿನ ಚುರುಕಿನದಕ್ಕೂ ನಿಧಾನದಕ್ಕೂ ಮೊದಲು ಅರ್ಧ, ಕಾಲು, ಮುಕ್ಕಾಲುಗಳನ್ನೇ ಕೊಡುತ್ತೇನೆ. ಎರಡೂ ಒಂದೇ ಉತ್ತರ ಹೇಳುತ್ತವೋ ಇಲ್ಲವೋ ಎಂದು ಬೆರಳು ಕಚ್ಚಿ ಕೂರುತ್ತೇನೆ. ಮಾಮಾ ಒಮ್ಮೊಮ್ಮೆ ಬಂದು ಪಕ್ಕದಲ್ಲಿ ಕೂರುತ್ತಾರೆ. ಉತ್ತರ ಬಂದ ಕೂಡಲೇ ಪರದೆಯನ್ನು ನೋಡುವುದಿಲ್ಲ ಅವರು, ನನ್ನ ಮುಖ ನೋಡುತ್ತಾರೆ.

"ಹಲ್ಲ ಕಿಸದಾನ" ಎಂದು ಒಳಗೆ ಕೂಗಿ ಹೇಳುತ್ತಾರೆ. "ಏನೂ ಆಗೂದಿಲ್ಲ, ಚಹಾ ಇಡ್ರಿ."